ಚಿಗವ್ವನ ನಾಡಿ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಪ್ರೀತಿಯಿಂದ ನನ್ನ ಕೈ ಹಿಡಿದರೆ ನನ್ನ ಮೂರು ಬೆರಳು ತಾವಾಗಿಯೇ ಸರಿದು ಹೋಗಿ ಅವರ ಮಣಿಕಟ್ಟಿನ ಮೇಲೆ ಕೂತುಬಿಡುತ್ತವೆ. ನಾನು ಕಳಿಸುವುದಿಲ್ಲ, ಅವೇ ಹೋಗುತ್ತವೆ. ಬಾಯಲ್ಲಿ ಮಳೆ, ಬೆಳೆ, ಮಕ್ಕಳ ಮಾತು ನಡೆದಿರುತ್ತದೆ. ಒಳಗೊಳಗೆ ಒಂದು, ಎರಡು, ಮೂರು ಎಂದು ಎಣಿಕೆಯೂ ನಡೆದಿರುತ್ತದೆ.

ಹೋದ ತಿಂಗಳು ಬೀಗರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಮಾತಿನ ಭರದಲ್ಲಿ ನನ್ನ ಕೈ ಹಿಡಿದಳು. ನನ್ನ ಬೆರಳು ತಮ್ಮ ಕೆಲಸ ಶುರು ಮಾಡಿದವು. ಅವಳು ಏನೋ ಕೇಳುತ್ತಿದ್ದಳು. ನಾನು ಎಣಿಕೆಯ ಗುಂಗಿನಲ್ಲಿ, "ಎಂಬತ್ತೆರಡು" ಎಂದುಬಿಟ್ಟೆ.

"ಎಂಬತ್ತೆರಡ ವರ್ಷ ಬದಕತೇನೇನ್ರಿ?" ಎಂದಳು ಅವಳು, ಮುಖ ಅರಳಿಸಿಕೊಂಡು. "ಎಷ್ಟ ಛಲೋ ಮಾತ ಹೇಳಿದ್ರಿ."

ಇದು ಆಯುಷ್ಯವಲ್ಲ, ನಿಮಿಷದ ನಾಡಿಬಡಿತ ಎಂದು ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಸುದ್ದಿ ಅಡುಗೆಮನೆಯವರೆಗೆ ಹೋಗಿತ್ತು. ಇನ್ನೂ ನಾಲ್ವರು ಅಂಗೈ ಚಾಚಿಕೊಂಡು ಬಂದು ಕೂತರು. ನಾನು ಯಾರಿಗೂ ಎಪ್ಪತ್ತಕ್ಕಿಂತ ಕಡಿಮೆ ಹೇಳಲಿಲ್ಲ. ಊಟ ಮುಗಿಸಿ ಬರುವಾಗ ಎಲ್ಲರಿಗಿಂತ ಒಂದು ಹೋಳಿಗೆ ಹೆಚ್ಚಿಗೆ ಕಟ್ಟಿಕೊಟ್ಟಿದ್ದರು.

ನೀವು ನಗುತ್ತಿರಬಹುದು. ಆದರೆ ಈ ಚಟ ನನಗೆ ಅಂಟಿಕೊಂಡ ಬಗೆ ನಗುವಂಥದ್ದಲ್ಲ.

ನಮ್ಮಪ್ಪ ಕೊಪ್ಪಳದ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಆಗ ನಮ್ಮದೆಲ್ಲ ನಿಜಾಮರ ಸೀಮೆ. ದವಾಖಾನೆಯ ಬೋರ್ಡು ಉರ್ದುವಿನಲ್ಲಿ, ರಿಜಿಸ್ಟರು ಉರ್ದುವಿನಲ್ಲಿ, ಹೈದರಾಬಾದಿನಿಂದ ಬರುವ ಡಾಕ್ಟರ್ ಸಾಹೇಬರೂ ಉರ್ದುವಿನಲ್ಲಿ. ಸಾಹೇಬರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವರು, ಅಪ್ಪ ಮಾತ್ರ ಅಲ್ಲೇ. ಸಾಹೇಬರು ಉರ್ದುವಿನಲ್ಲಿ ಕೇಳಿದ್ದನ್ನು ಅಪ್ಪ ಕನ್ನಡದಲ್ಲಿ ಕೇಳುವನು. ರೋಗಿ ಹತ್ತು ಮಾತು ಹೇಳಿದರೆ ಎರಡು ಮಾತು ಮಾಡಿ ಉರ್ದುವಿನಲ್ಲಿ ಒಪ್ಪಿಸುವನು. ಉಳಿದ ಎಂಟು ಮಾತನ್ನು ಸಂಜೆ ಮನೆಗೆ ತಂದು ನಮ್ಮವ್ವನ ಮುಂದೆ ಸುರಿಯುವನು. ಹೀಗಾಗಿ ಊರಿನ ಯಾರ ಹೊಟ್ಟೆ ಯಾವ ಕಾರಣಕ್ಕೆ ಕೆಟ್ಟಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು.

ಔಷಧದ ಶೀಶೆಗೆ ಅಂಟಿಸುವ ಕಾಗದದ ಪಟ್ಟಿ ಕತ್ತರಿಸುವುದು ನನ್ನ ಕೆಲಸ. ಕಾಗದವನ್ನು ಮಡಿಸಿ ಮಡಿಸಿ ಮೂಲೆ ಕತ್ತರಿಸಿ ಬಿಚ್ಚಿದರೆ ಹೊತ್ತಿಗೊಂದರಂತೆ ಆರು ಗುರುತಿನ ಪಟ್ಟಿ ಸಿದ್ಧವಾಗುತ್ತಿತ್ತು. ಒಮ್ಮೆ ಆರರ ಬದಲು ಏಳು ಗುರುತು ಮಾಡಿಬಿಟ್ಟೆ. ಅಪ್ಪ ಬೈಯಲಿಲ್ಲ. ಪಟ್ಟಿಯನ್ನು ಹರಿದು, "ಇದು ಹೂವಿನ ಮಾಲಿ ಅಲ್ಲವ್ವಾ" ಎಂದು ಬೇರೆ ಕಾಗದ ಕೊಟ್ಟ. ಅವನ ಕೈಯಿಂದ ಸದಾ ಬರುತ್ತಿದ್ದ ಅಯೋಡಿನ್ನಿನ ವಾಸನೆ ನನಗೆ ಈಗಲೂ ಊದಿನಕಡ್ಡಿಗಿಂತ ಹೆಚ್ಚು ಇಷ್ಟ.

ನಾಡಿ ನೋಡುವುದನ್ನು ಕಲಿಸಿದವನೂ ಅವನೇ. ಸಾಹೇಬರು ಅದಕ್ಕೆ 'ನಬ್ಜ್' ಅನ್ನುತ್ತಿದ್ದರು. ಅಪ್ಪ ತನ್ನ ಕೈಯನ್ನೇ ಚಾಚಿ, "ಮೂರ ಬೆರಳ ಇಡು. ಹೆಬ್ಬೆರಳ ಇಡಬ್ಯಾಡ. ಅದರೊಳಗ ತನ್ನದ ಒಂದು ನಾಡಿ ಇರತೈತಿ, ಅದನ್ನ ನೀ ಇನ್ನೊಬ್ಬರದು ಅಂತ ತಿಳೀತಿ" ಎಂದಿದ್ದ. ಜೇಬಿನ ಗಡಿಯಾರ ತೆಗೆದು ನೆಲಕ್ಕಿಟ್ಟು ಸೆಕೆಂಡಿನ ಸಣ್ಣ ಮುಳ್ಳು ಒಂದು ಸುತ್ತು ಬರುವವರೆಗೆ ಎಣಿಸಬೇಕು. ಅಪ್ಪನದು ಎಪ್ಪತ್ತೆರಡು, ಅವ್ವನದು ಎಂಬತ್ತು. ಆಡಿನ ಮರಿಯದು ಎಣಿಕೆಗೆ ಸಿಗದೆ ಅದು ಒದ್ದು ಓಡಿತು. ಇದೆಲ್ಲ ಹುಡುಗಾಟ ಎಂದುಕೊಂಡಿದ್ದೆ. ಇನ್ನೊಂದು ಮನೆಯಲ್ಲಿ ಇದೇ ನನ್ನ ಹೊಣೆಯಾಗುವುದೆಂದು ಯಾರಿಗೆ ಗೊತ್ತಿತ್ತು.

ಹದಿನೈದು ತುಂಬುವುದರೊಳಗೆ ನನ್ನನ್ನು ಕುಷ್ಟಗಿ ತಾಲೂಕಿನ ಹನುಮಸಾಗರಕ್ಕೆ ಕೊಟ್ಟರು. ಒಕ್ಕಲುತನದ ಮನೆ, ಜೊತೆಗೆ ಶೇಂಗಾದ ವ್ಯಾಪಾರ. ಅತ್ತೆ, ಮಾವ, ನಮ್ಮ ಮನೆಯವರು, ಇವರೆಲ್ಲರ ಮೇಲೆ ಇಬ್ಬರು ಮುದುಕಿಯರು. ಹಿರಿಯವಳು ಈರಮ್ಮ, ಮಾವನವರ ತಾಯಿ. ನಮಗೆಲ್ಲ ಅವಳು 'ಅಮ್ಮ'. ಕಿರಿಯವಳು ನೀಲಮ್ಮ, ಅಮ್ಮನ ಒಡಹುಟ್ಟಿದ ತಂಗಿ. ಮಾವನವರು ಅವಳನ್ನು 'ಚಿಗವ್ವ' ಎಂದು ಕರೆಯುತ್ತಿದ್ದುದರಿಂದ ಊರಿಗೂರೇ ಅವಳಿಗೆ ಚಿಗವ್ವ ಎನ್ನುತ್ತಿತ್ತು. ವಯಸ್ಸು ಕೇಳಿದರೆ ಅಮ್ಮ, "ದೊಡ್ಡ ಬರದಾಗ ನನ್ನ ಬಗಲಾಗ ಒಂದು ಕೂಸಿತ್ತು" ಅನ್ನುವಳು. ಚಿಗವ್ವ, "ನಾ ಆಗ ಲಂಗಾ ಉಟ್ಕೊಂಡು ಅಡ್ಡಾಡತಿದ್ದೆ" ಅನ್ನುವಳು. ನೀವೇ ಲೆಕ್ಕ ಹಾಕಿಕೊಳ್ಳಿ.

ಚಿಗವ್ವ ಮಕ್ಕಳಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲೇ ಗಂಡನನ್ನು ಕಳೆದುಕೊಂಡು ಅಕ್ಕನ ಮನೆಗೆ ಬಂದವಳು. ಬಂದ ದಿನದಿಂದ ಅವಳು ಒಂದು ಕಡೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ನಡು ಬಾಗಿತ್ತು, ಕಾಲು ಮಾತ್ರ ಚುರುಕು. ಮುಂಜಾನೆ ಒಲೆ ಹೊತ್ತಿಸುವವಳು ಅವಳೇ, ಕೊನೆಗೆ ಉಣ್ಣುವವಳೂ ಅವಳೇ. ಅಮ್ಮನದು ಇದಕ್ಕೆ ವಿರುದ್ಧ. ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಅಲ್ಲಿಂದಲೇ ಮನೆ ನಡೆಸುವಳು. ಇಬ್ಬರೂ ದಿನವಿಡೀ ಜಗಳಾಡುತ್ತಿದ್ದರು. ಒಬ್ಬಳಿಗೆ ರೊಟ್ಟಿ ಮೆತ್ತಗಿರಬೇಕು, ಇನ್ನೊಬ್ಬಳಿಗೆ ಖಡಕ್ ಇರಬೇಕು. ಆದರೆ ಒಬ್ಬಳು ಉಣ್ಣದೆ ಇನ್ನೊಬ್ಬಳು ಉಂಡದ್ದಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ, ಆಗ ತಾನೇ ದೊಡ್ಡ ಯುದ್ಧ ಶುರುವಾಗಿತ್ತು, ಅಮ್ಮನಿಗೆ ಏದುಸಿರು ಹತ್ತಿತು. ಕಾಲು ಬಾತವು. ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂಡುವಳು. ಊರಿನ ವೈದ್ಯರ ಕಷಾಯ ಆಯಿತು, ಹರಕೆ ಆಯಿತು. ಕೊನೆಗೆ ಕುಷ್ಟಗಿಯವರೆಗೆ ಬಂಡಿಯಲ್ಲಿ, ಅಲ್ಲಿಂದ ಮೋಟಾರಿನಲ್ಲಿ ಕೊಪ್ಪಳಕ್ಕೆ ಕರೆದೊಯ್ದೆವು. ಡಾಕ್ಟರ್ ಸಾಹೇಬರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿ, ಅಪ್ಪನಿಗೆ ಉರ್ದುವಿನಲ್ಲಿ ದೀರ್ಘವಾಗಿ ಹೇಳಿದರು. ಅಪ್ಪ ಈ ಸಲ ಒಂದು ಮಾತನ್ನೂ ಉಳಿಸಿಕೊಳ್ಳಲಿಲ್ಲ.

"ಎದಿ ದಣಿದೈತ್ರಿ. ಡಿಜಿಟಾಲಿಸ್ ಅಂತ ಒಂದು ಹನಿ ಔಷಧ ಕೊಡತಾರ. ಇದು ಎದಿಗೆ ಬಲ ಕೊಡತೈತಿ, ಆದ್ರ ಬಡಿತ ನಿಧಾನ ಮಾಡತೈತಿ. ಹೆಚ್ಚಾತಂದ್ರ ವಿಷ. ಅದಕ್ಕ ದಿನಾ ಮುಂಜಾನೆ ಹನಿ ಕೊಡೂಕಿಂತ ಮೊದಲ ಒಂದು ನಿಮಿಷ ಪೂರ್ತಿ ನಾಡಿ ಎಣಸಬೇಕು. ಅರವತ್ತಕ್ಕ ಕಡಿಮಿ ಇದ್ರ ಅವತ್ತು ಹನಿ ಕೊಡಬಾರದು. ವಾಂತಿ ಬಂದ್ರ, ಕಣ್ಣಿಗೆ ಎಲ್ಲಾ ಹಳದಿ ಕಂಡ್ರ ತಟ್ಟನ ನಿಲ್ಲಸಬೇಕು."

ಮಾವನವರು ತಲೆ ತುರಿಸಿಕೊಂಡರು. "ಎಣಸೂದು ಯಾರ ಮಾಡತಾರ್ರಿ ಬೀಗರ? ನಾವು ಹೊಲಕ್ಕ ಹೋಗೂ ಮಂದಿ."

ಅಪ್ಪ ನನ್ನ ಕಡೆ ನೋಡಿದ. ಜೇಬಿನ ಗಡಿಯಾರ ತೆಗೆದು ನನ್ನ ಕೈಯಲ್ಲಿಟ್ಟ.

ಹೀಗೆ ಹದಿನೇಳರ ನಾನು ಆ ಮನೆಯ ಡಾಕ್ಟರಾದೆ. ಮುಂಜಾನೆ ಎದ್ದು ಅಮ್ಮನ ಮುಖ ತೊಳೆಸಿ, ಏನೂ ತಿನ್ನುವ ಮೊದಲು, ಸ್ವಲ್ಪ ಹೊತ್ತು ಸುಮ್ಮನೆ ಕೂಡಿಸಿ ಕೈ ಹಿಡಿಯುತ್ತಿದ್ದೆ. ಆ ಒಂದು ನಿಮಿಷ ಮನೆಯಲ್ಲಿ ಯಾರೂ ಮಾತಾಡಬಾರದು. ಅತ್ತೆಗೆ ಮೊದಮೊದಲು ಇದು ಸೇರಲಿಲ್ಲ. "ಸೊಸಿ ರೊಟ್ಟಿ ಬಡಿಯೂ ಹೊತ್ತಿನ್ಯಾಗ ಕೈ ಹಿಡ್ಕೊಂಡು ಕುಂತಾಳ" ಎಂದು ಒಲೆಯ ಮುಂದೆ ಗೊಣಗುವರು. ಆದರೆ ತಿಂಗಳೊಪ್ಪತ್ತಿನಲ್ಲಿ ಅಮ್ಮನ ಕಾಲಿನ ಬಾವು ಇಳಿದು, ಅವಳು ಮಲಗಿ ನಿದ್ದೆ ಮಾಡುವಂತಾದಾಗ ಗೊಣಗಾಟ ನಿಂತಿತು. ಓಣಿಯ ಹೆಂಗಸರು ನೋಡಲು ಬರತೊಡಗಿದರು. ನಾನು ಹುಬ್ಬು ಗಂಟಿಕ್ಕಿ, ಸಾಹೇಬರಂತೆ ತುಟಿ ಬಿಗಿದು ಎಣಿಸುತ್ತಿದ್ದೆ. ಅಷ್ಟು ಬಿಗಿಯುವ ಅಗತ್ಯವಿರಲಿಲ್ಲ. ಎದುರಿಗೆ ಮಂದಿ ಇದ್ದರಲ್ಲ, ಅದಕ್ಕೆ.

ಚಿಗವ್ವನಿಗೆ ಮಾತ್ರ ಇದೆಲ್ಲ ತಮಾಷೆ. ಬಾಗಿಲಲ್ಲಿ ನಿಂತು, "ನಿಮ್ಮ ಪೂಜಿ ಮುಗೀತೇನವಾ? ಮಂಗಳಾರತಿ ತರ್ಲೇನು?" ಎನ್ನುವಳು.

ಒಂದು ದಿನ ಅಮ್ಮ, "ನೀ ಏನ ಹಿಡೀತಿ ಅದನ್ನ ನನಗೂ ತೋರಸು" ಎಂದಳು. ಅವಳ ಬಲಗೈಯ ಮೂರು ಬೆರಳನ್ನು ಎಡ ಮಣಿಕಟ್ಟಿನ ಮೇಲೆ ಇಟ್ಟು, ಸ್ವಲ್ಪ ಆಚೀಚೆ ಸರಿಸಿ, ಒತ್ತಿ ಹಿಡಿಸಿದೆ. ಸೊಟ್ಟಾದ ಬೆರಳು, ತುದಿ ಗಟ್ಟಿಯಾಗಿ ಹೋಗಿತ್ತು. ಮೊದಲು ಏನೂ ಸಿಗಲಿಲ್ಲ. ಆಮೇಲೆ ಅವಳ ಮುಖ ಬದಲಾಯಿತು.

"ಇದು ಇಷ್ಟ ದಿನ ಎಲ್ಲಿತ್ತವಾ?"

"ಇಲ್ಲೇ ಇತ್ತರಿ ಅಮ್ಮ."

"ಎಂಬತ್ತ ವರ್ಷ ಇಲ್ಲೇ ಬಡಕೋತ ಕುಂತಿತ್ತ? ಒಂದ ದಿನಾನೂ ಇದನ್ನ ಯಾರೂ ಮಾತಾಡಸಲಿಲ್ಲ ನೋಡು."

ಅಮ್ಮನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಒಂದೊಂದು ಇಪ್ಪತ್ತಾದಾಗ ಎಡಗೈ ಬೆರಳಿನಿಂದ ಒಂದು ಕಡಲೆ ಮುಂದೆ ತಳ್ಳಲು ಹೇಳಿಕೊಟ್ಟೆ. ಗಡಿಯಾರ ನೋಡಿ ನಾನು "ಹೂಂ" ಎನ್ನಬೇಕು, ಮುಳ್ಳು ಸುತ್ತು ಬಂದಾಗ "ಸಾಕ್ರಿ" ಎನ್ನಬೇಕು. ಮೂರು ಕಡಲೆ ಕೂತರೆ ಹನಿ, ಕೂಡದಿದ್ದರೆ ಇಲ್ಲ. ನನ್ನ ಎಣಿಕೆಗೂ ಅವಳ ಎಣಿಕೆಗೂ ಒಂದೆರಡರ ಮೇಲೆ ಫರಕು ಬರುತ್ತಿರಲಿಲ್ಲ. ಅವಳಿಗೆ ಆದ ಹಿಗ್ಗು ಹೇಳತೀರದು.

ಆದರೆ ಹಿಗ್ಗಿನ ಬೆನ್ನಿಗೇ ಅಂಜಿಕೆ ಬಂತು. ಅವಳು ಹೊತ್ತಿಲ್ಲದ ಹೊತ್ತಿನಲ್ಲಿ ಕೈ ಹಿಡಿದುಕೊಂಡು ಕೂಡತೊಡಗಿದಳು. ಉಣ್ಣುವಾಗ ಒಂದು ಬಡಿತ ತಪ್ಪಿದರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. "ಗಿರಿಜಾ, ನಿಂತತು ನೋಡ" ಎಂದು ಕೂಗುವಳು. ನಾನು ಹಿಟ್ಟಿನ ಕೈಯಲ್ಲೇ ಓಡುವೆ. ಅಪ್ಪನಿಗೆ ಬರೆದೆ. ವಾರಕ್ಕೊಂದು ಕಾರ್ಡು ಬರೆದು ಏಳು ದಿನದ ಎಣಿಕೆ ತಿಳಿಸುವುದು ವಾಡಿಕೆಯಾಗಿತ್ತು. ಸಂತೆಯ ದಿನ ನಮ್ಮ ಮನೆಯವರು ಅದನ್ನು ಕುಷ್ಟಗಿಯ ಟಪಾಲಿಗೆ ಹಾಕುತ್ತಿದ್ದರು. ಅಪ್ಪನ ಉತ್ತರ ಬಂತು: "ದಿನಕ್ಕೆ ಒಂದೇ ಸಲ. ಆಮೇಲೆ ಕೈಗೆ ಬೇರೆ ಕೆಲಸ ಕೊಡು." ಬತ್ತಿ ಹೊಸೆಯಲು ಹತ್ತಿ ತಂದು ಅಮ್ಮನ ಮಡಿಲಿಗೆ ಹಾಕಿದೆ. ಆ ವರ್ಷ ನಮ್ಮ ಓಣಿಯಲ್ಲಿ ಯಾರ ಮನೆಗೂ ಬತ್ತಿಯ ಕೊರತೆ ಬೀಳಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ. ಅಮ್ಮ ಮಲಗಿದ್ದಳು. ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಚಿಗವ್ವ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು.

"ನಂದೂ ಒಂದೀಟು ನೋಡವಾ, ಹೆಂಗ ನಡದೈತಿ."

ನಗುತ್ತಲೇ ಕೈ ಹಿಡಿದೆ. ಎರಡು ಬಡಿತ ಒಟ್ಟಿಗೆ ಬಂದವು. ಆಮೇಲೆ ಏನೂ ಇಲ್ಲ. ಬೆರಳು ಸರಿಸಬೇಕು ಅನ್ನುವಷ್ಟರಲ್ಲಿ ನಾಲ್ಕೈದು ಸಣ್ಣ ಬಡಿತ ಒಂದರ ಮೇಲೊಂದು ಓಡಿದವು, ಮತ್ತೆ ತಡೆ. ಒಂದು ದೊಡ್ಡದು, ಒಂದು ಇದ್ದೂ ಇಲ್ಲದಂಥದ್ದು. ತೊಂಬತ್ತರ ತನಕ ಹೋಗಿ ಎಣಿಕೆ ತಪ್ಪಿತು. ಮತ್ತೆ ಹಿಡಿದೆ, ಮತ್ತೆ ತಪ್ಪಿತು. ಮೂರನೆಯ ಸಲ ನಾನು ಎಣಿಸಲೇ ಇಲ್ಲ, ಸುಮ್ಮನೆ ಗಡಿಯಾರ ನೋಡುತ್ತ ಕೂತೆ.

"ಏನಂತೈತಿ?"

"ಛಲೋ ಐತ್ರಿ ಚಿಗವ್ವ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಛಲೋ ಇದ್ರ ಮೂರ ಸಲ ಯಾಕ ಹಿಡದಿ?"

ನಾನು ಜೋಳದ ಮೊರವನ್ನು ಹತ್ತಿರ ಎಳೆದುಕೊಂಡೆ. ಅವಳೇ ಸಣ್ಣ ದನಿಯಲ್ಲಿ ಹೇಳಿದಳು, "ನೀರಿನ ಕೊಡ ಹೊತ್ತು ಮೆಟ್ಟಲಾ ಏರಿದ್ರ ಎದಿಯಾಗ ಹಕ್ಕಿ ಬಡಕೊಂಡಂಗ ಆಗತೈತಿ. ಒಂದ ವರ್ಷ ಆತು."

"ನಮ್ಮಪ್ಪಗ ಬರೀತೇನ್ರಿ. ಸಾಹೇಬರ್ನ ಕೇಳತಾನ."

"ಬ್ಯಾಡ. ಮನಿಯಾಗ ಒಂದ ಜಡ್ಡು ಸಾಕು. ಅಕ್ಕಗ ಗೊತ್ತಾತಂದ್ರ ಆಕಿ ತನ್ನ ಕೈ ಬಿಟ್ಟು ನನ್ನ ಕೈ ಹಿಡ್ಕೊಂಡು ಕುಂದರತಾಳ. ಆಕೀಗೆ ಮೊದಲ ಅಂಜಿಕಿ ಭಾಳ." ಎದ್ದು ಸೆರಗು ಕೊಡವಿ, "ನಾ ಕೇಳಿಲ್ಲ, ನೀ ನೋಡಿಲ್ಲ" ಎಂದು ಹಿತ್ತಲಿಗೆ ಹೋದಳು.

ಆದರೂ ಆ ವಾರದ ಕಾರ್ಡಿನ ಕೊನೆಯಲ್ಲಿ ಒಂದು ಸಾಲು ಬರೆದೆ: "ಚಿಗವ್ವನ ನಾಡಿ ಎಣಿಕೆಗೆ ಸಿಗುವುದಿಲ್ಲ, ನಡುನಡುವೆ ಬಿಡುತ್ತದೆ." ಬರೆದು ಓದಿಕೊಂಡೆ. ಓದಿದಾಗ ಎರಡು ಸಂಗತಿ ಕಂಡವು. ಚಿಗವ್ವನ ಮಾತು ಮೀರುತ್ತಿದ್ದೇನೆ ಎಂಬುದು ಒಂದು. ಇನ್ನೊಂದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಓಣಿಯ ಮಂದಿಯೆಲ್ಲ ನೋಡಲು ಬರುವಷ್ಟು ಜಾಣಳಾದ ನನಗೆ ಒಬ್ಬ ಮುದುಕಿಯ ನಾಡಿ ಎಣಿಸಲು ಬರಲಿಲ್ಲ ಎಂದು ಅಪ್ಪನಿಗೆ ತಿಳಿಯುವುದು ನನಗೆ ಬೇಡವಾಗಿತ್ತು. ಜೋಳದ ಧೂಳಿನಿಂದ ಬೆರಳು ಜಡ್ಡುಗಟ್ಟಿರಬೇಕು, ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ಆ ಸಾಲಿನ ಮೇಲೆ ಮೂರು ಗೆರೆ ಎಳೆದು ಹೊಡೆದು ಹಾಕಿದೆ. ಕಾರ್ಡು ಹೋಯಿತು.

ಮುಂದೆ ಚಿಗವ್ವ ಕೈ ಚಾಚಲಿಲ್ಲ. ನಾನೂ ಕೇಳಲಿಲ್ಲ. ನೀರಿನ ಕೊಡವನ್ನು ಅವಳಿಗಿಂತ ಮೊದಲು ಹೋಗಿ ನಾನೇ ಎತ್ತಿಕೊಳ್ಳುತ್ತಿದ್ದೆ. ಅಷ್ಟು ಮಾಡಿದರೆ ಸಾಕು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ. ಮೆಟ್ಟಿಲ ಮೇಲೆ ಅವಳು ಗೋಡೆಗೆ ಕೈ ಕೊಟ್ಟು ನಿಂತದ್ದು ಕಂಡರೆ ಬೇರೆ ಕಡೆ ನೋಡುತ್ತಿದ್ದೆ. ಅವಳಿಗೂ ಅದೇ ಬೇಕಾಗಿತ್ತು. ಹೀಗೆ ಇಬ್ಬರೂ ಕೂಡಿ ಒಂದು ಸುಳ್ಳನ್ನು ಸಾಕಿದೆವು.

ದೀಪಾವಳಿ ಎಂಟು ದಿನ ಇತ್ತು. ಶೇಂಗಾ ಮನೆಗೆ ಬಂದಿತ್ತು. ಮುಂಜಾನೆಯ ಬಿಸಿಲಲ್ಲಿ ಅಂಗಳದಲ್ಲಿ ಕೂತು ಎಲ್ಲರೂ ಕಾಯಿ ಸುಲಿಯುತ್ತಿದ್ದೆವು. ಚಿಗವ್ವ ಯಾವುದೋ ಬೀಗರ ಮದುವೆಯಲ್ಲಿ ಹೋಳಿಗೆ ಹಳಸಿದ ಕತೆ ಹೇಳುತ್ತಿದ್ದಳು. ಮಾತು ನಿಂತಿತು. ನೋಡಿದರೆ ಅವಳ ಬಲಗೈಯಿಂದ ಶೇಂಗಾ ಒಂದೊಂದಾಗಿ ಉದುರುತ್ತಿತ್ತು. ಅವಳು ಅದನ್ನೇ ಬೆರಗಿನಿಂದ ನೋಡುತ್ತಿದ್ದಳು. ಬಾಯಿ ಒಂದು ಕಡೆಗೆ ವಾಲಿತ್ತು. ಅಕ್ಕನನ್ನು ಕರೆಯಲು ಹೋಗಿ "ಅ" ಎಂದಳು, ಮುಂದಿನದು ಬರಲಿಲ್ಲ.

ಲಕ್ವಾ ಹೊಡೆದಿತ್ತು. ಬಲ ಮಗ್ಗುಲು ಪೂರ್ತಿ ಹೋಗಿತ್ತು. ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದೆವು. ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುವ ಅಮ್ಮ ಗೋಡೆ ಹಿಡಿದುಕೊಂಡು ಬಂದು ತಂಗಿಯ ಪಕ್ಕದಲ್ಲಿ ಕೂತಳು. ಯಾರೂ ಹೇಳದೆ ಅವಳ ಬಲ ಮಣಿಕಟ್ಟು ಹಿಡಿದಳು. ಬಹಳ ಹೊತ್ತು ಹಿಡಿದಿದ್ದು, "ಗಿರಿಜಾ, ಇದು ಎಣಸಾಕ ಬರವಲ್ತು" ಎಂದಳು.

"ಹೌದ್ರಿ" ಎಂದೆ.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕೈ ಹಿಡಿದು ನೋಡದೆ 'ಹೌದ್ರಿ' ಎಂದಿದ್ದೆ. ಅದು ಅವಳಿಗೆ ತಿಳಿಯಿತು. ಮತ್ತೆ ತಂಗಿಯ ಕಡೆ ತಿರುಗಿದಳು.

ನಾವು ಹೇಳಿಕಳಿಸಿದ ಸುದ್ದಿ ಮುಟ್ಟಿ ನಾಲ್ಕನೆಯ ದಿನ ಅಪ್ಪ ಬಂದ. ಸಾಹೇಬರು ದವಾಖಾನೆ ಬಿಟ್ಟು ಬರುವಂತಿರಲಿಲ್ಲ. ಏನೇನು ನೋಡಬೇಕೆಂದು ಹೇಳಿ ಕಳಿಸಿದ್ದರು. ಅಪ್ಪ ಚಿಗವ್ವನ ಕಣ್ಣು ನೋಡಿದ, ಕೈ ಕಾಲು ಎತ್ತಿ ನೋಡಿದ, ನಾಡಿ ಹಿಡಿದ. ಗಂಜಿಯನ್ನು ಹೇಗೆ ಕುಡಿಸಬೇಕು, ಬೆನ್ನಿಗೆ ಹುಣ್ಣಾಗದಂತೆ ಹೇಗೆ ಮಗ್ಗುಲು ಬದಲಿಸಬೇಕು ಎಂದು ಅತ್ತೆಗೆ ತೋರಿಸಿಕೊಟ್ಟ. ಮತ್ತೇನೂ ಮಾಡುವಂತಿರಲಿಲ್ಲ. ಆಮೇಲೆ ನಾನೂ ಅವನೂ ಹೊರಗಿನ ಕಟ್ಟೆಯ ಮೇಲೆ ಕೂತೆವು.

"ನಾಡಿ ಹಿಂಗ ತಪ್ಪಿ ನಡೆಯೋರಿಗೆ ಎದಿಯೊಳಗ ರಕ್ತ ಹೆಪ್ಪುಗಟ್ಟಿ ತಲಿಗೆ ಹೋಗತೈತಿ ಅಂತಾರ ಸಾಹೇಬರು" ಎಂದ.

ನಾನು ತಡೆಯಲಾರದೆ ಹೇಳಿಬಿಟ್ಟೆ. "ಅಪ್ಪಾ, ಶ್ರಾವಣದಾಗ ನಾ ಆಕಿ ಕೈ ನೋಡಿದ್ದೆ. ಕಾರ್ಡಿನ್ಯಾಗ ಬರದು ಹೊಡದ ಹಾಕಿದೆ."

ಅಪ್ಪ ತನ್ನ ಅಂಗೈ ನೋಡಿಕೊಳ್ಳುತ್ತ, "ನಾ ಅದನ್ನ ಓದೇನಿ" ಎಂದ.

"ಹೊಡದಿದ್ನಲ್ಲ?"

"ಬೆಳಕಿಗೆ ಹಿಡದು ಓದಿದೆ. ಮಗಳು ಏನ ಬರದು ಮುಚ್ಚ್ಯಾಳ ಅಂತ ನೋಡೂ ಆಸೆ ಇರತೈತಲ್ಲ. ಓದಿ, ತಾನ ಹೊಡದ ಹಾಕ್ಯಾಳಂದ್ರ ಏನೂ ಇರಾಕಿಲ್ಲ ಅಂದ್ಕೊಂಡೆ. ಅವತ್ತು ದವಾಖಾನ್ಯಾಗ ಗದ್ದಲ ಭಾಳಿತ್ತು."

"ಸಾಹೇಬರಿಗೆ ಹೇಳಿದ್ರ ಏನಾಗತಿತ್ತು?"

"ಏನಾಗತಿತ್ತೋ ನನಗ ಗೊತ್ತಿಲ್ಲ. ಹನಿ ಕೊಡತಿದ್ರೇನೋ. ಆದ್ರೂ ಹಿಂಗ ಆಗತಿತ್ತೇನೋ. ಆದ್ರ ನೋಡತಿದ್ವಿ. ಅಷ್ಟ."

ಅವನು ನನ್ನನ್ನು ಸಮಾಧಾನ ಮಾಡಲಿಲ್ಲ. ನಾನೂ ಅವನನ್ನು ಮಾಡಲಿಲ್ಲ. ಹೋಗುವಾಗ ಬಂಡಿ ಹತ್ತುವ ಮುನ್ನ ನನ್ನ ತಲೆಯ ಮೇಲೆ ಕೈ ಇಟ್ಟ.

ಚಿಗವ್ವ ಹನ್ನೊಂದು ದಿನ ಮಲಗಿದಳು. ಜೀವಮಾನದಲ್ಲಿ ಅವಳು ಒಂದೇ ಕಡೆ ಇದ್ದದ್ದು ಆ ಹನ್ನೊಂದು ದಿನ ಮಾತ್ರ. ದೀಪಾವಳಿ ಯಾವಾಗ ಬಂದು ಹೋಯಿತೋ ನಮಗೆ ಅರಿವಾಗಲಿಲ್ಲ. ಅಮ್ಮ ಉಣ್ಣಲು, ಹೊರಗೆ ಹೋಗಲು ಬಿಟ್ಟರೆ ತಂಗಿಯ ಮಣಿಕಟ್ಟು ಬಿಡಲಿಲ್ಲ. ತನ್ನ ಹನಿ ತಾನು ತೆಗೆದುಕೊಳ್ಳುವುದನ್ನೂ ಮರೆಯುವಳು. ನಾನು ಅವಳ ಇನ್ನೊಂದು ಕೈ ಹಿಡಿದು ಎಣಿಸಿ ಹನಿ ಹಾಕುತ್ತಿದ್ದೆ. ಚಿಗವ್ವನ ಎಡಗಣ್ಣು ಅಕ್ಕನ ಮುಖದ ಮೇಲೆಯೇ ಇರುತ್ತಿತ್ತು. ಯಾವ ಮಾತು ಅಕ್ಕನಿಗೆ ತಿಳಿಯಬಾರದೆಂದಿದ್ದಳೋ ಅದು ಅಕ್ಕನ ಬೆರಳಿಗೆ ತಿಳಿಯುತ್ತಲೇ ಇತ್ತು. ಬೇಡವೆಂದು ಕೈ ಎಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಹನ್ನೊಂದನೆಯ ದಿನ ಗಂಡಸರು ಊಟಕ್ಕೆ ಕೂತಿದ್ದರು. ನಾನು ನೀಡುತ್ತಿದ್ದೆ. ಪಡಸಾಲೆಯಿಂದ ಅಮ್ಮನ ದನಿ ಬಂತು, ಎಂದಿನ ದನಿ. "ನಿಂತತು."

ಅಮ್ಮ ಹಾಗೆ ಅಂದಾಗಲೆಲ್ಲ ನಾವು ಓಡಿ ಹೋಗಿ ನಕ್ಕು ಬಂದವರು. ಅಂದು ಮಾವನವರು ಅರ್ಧ ಊಟದಲ್ಲಿ ಎದ್ದರು. ಅಮ್ಮ ತಂಗಿಯ ಕೈಯನ್ನು ಎತ್ತಿ ಹಿಡಿದಿದ್ದಳು, ಇನ್ನೊಂದು ಬಡಿತ ಬರಬಹುದೆಂದು ಕಾಯುವವಳಂತೆ. ಬಿಡಿಸಲು ಬಹಳ ಹೊತ್ತು ಹಿಡಿಯಿತು.

ದಿನಗಳೆಲ್ಲ ಮುಗಿದು ಬಂದ ನೆಂಟರು ಊರಿಗೆ ಹೋದ ಮೇಲೆ, ಒಂದು ಮುಂಜಾನೆ ನಾನು ಗಡಿಯಾರ ಹಿಡಿದು ಹೋದೆ. ಅಮ್ಮ ಕೈ ಕೊಡಲಿಲ್ಲ.

"ಆಕೀದು ನಿನಗ ಗೊತ್ತಿತ್ತೇನು?"

ಇಲ್ಲ ಎನ್ನಬಹುದಿತ್ತು. ಚಿಗವ್ವನೇ ಬೇಡವೆಂದಳು ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಹೋದವಳ ಮೇಲೆ ಹೊರಿಸುವುದು ಬೇಡವೆನಿಸಿತು. "ಗೊತ್ತಿತ್ತರಿ ಅಮ್ಮ" ಎಂದೆ.

ಅವಳು ಬೈಯಲಿಲ್ಲ, ಅಳಲಿಲ್ಲ. "ದೂರ ನಿಂತು ಗಡಿಯಾರ ನೋಡಿ ಹೇಳು. ನಾ ಎಣಸ್ಕೋತೇನಿ" ಎಂದಳು.

ಮರುದಿನದಿಂದ ಹಾಗೆಯೇ ನಡೆಯಿತು. ನಾನು ಬಾಗಿಲ ಹತ್ತಿರ ನಿಂತು "ಹೂಂ" ಎನ್ನುವೆ, "ಸಾಕ್ರಿ" ಎನ್ನುವೆ. ಅವಳು, "ಮೂರ ಕಡ್ಲಿ, ಮ್ಯಾಲ ಎಂಟು" ಎನ್ನುವಳು. ಅರವತ್ತೆಂಟು. ನಾನು ಹನಿ ಹಾಕಿ ಲೋಟ ಹತ್ತಿರ ಇಟ್ಟು ಹಿಂದೆ ಸರಿಯುವೆ. ಎರಡನೆಯ ದಿನವೂ ಅರವತ್ತೆಂಟು. ವಾರವಿಡೀ ಅರವತ್ತೆಂಟು. ಯಾವ ಎದೆಯೂ ಹೀಗೆ ದಿನಾ ಒಂದೇ ಲೆಕ್ಕದಲ್ಲಿ ಬಡಿಯುವುದಿಲ್ಲವೆಂದು ನನಗೆ ಗೊತ್ತಿತ್ತು, ಕೇಳುವ ಮುಖ ಮಾತ್ರ ಇರಲಿಲ್ಲ. ಕಾರ್ಡಿನಲ್ಲಿ ಏಳು ಸಲ ಅರವತ್ತೆಂಟು ಬರೆದರೆ ಅಪ್ಪ ಉತ್ತರದಲ್ಲಿ, "ನೀನು ಹಿಡಿದು ನೋಡಿದೆಯಾ?" ಎಂದಷ್ಟೇ ಕೇಳಿದ. ಕಾರ್ಡು ಹೋಗಿ ಉತ್ತರ ಬರುವ ಹೊತ್ತಿಗೆ ತಿಂಗಳಾಗುತ್ತ ಬಂದಿತ್ತು, ಅಮ್ಮನ ಊಟ ಕಡಿಮೆಯಾಗಿತ್ತು. ಹಾಲು ಕುಡಿದರೆ ಓಕರಿಕೆ ಎನ್ನುತ್ತಿದ್ದಳು.

ಅದೇ ಮಧ್ಯಾಹ್ನ ಅವಳು ಮಲಗಿದ್ದಾಗ ಹೋಗಿ ಹತ್ತಿರ ಕೂತೆ. ಚಾದರದ ಹೊರಗೆ ಬಿದ್ದಿದ್ದ ಕೈಯ ಮೇಲೆ ಕಳ್ಳಿಯಂತೆ ಮೂರು ಬೆರಳಿಟ್ಟೆ. ಒಂದು ನಿಮಿಷ ಪೂರ್ತಿ ಎಣಿಸಿದೆ. ಬೆರಳು ತೆಗೆಯುವಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಷ್ಟೈತಿ?"

"ಐವತ್ತಾರ್ರಿ."

"ಹನಿ ಕೊಡ್ಬಾರದಿತ್ತು ಹಂಗಾರ."

"ಹೌದ್ರಿ. ಕೊಟ್ಟೇನಿ."

ಅವಳು ಕಣ್ಣು ತೆರೆದು ಮೇಲಿನ ಜಂತಿಯನ್ನು ನೋಡಿದಳು. "ನಾ ಎಣಸೂದ ಬಿಟ್ಟು ತಿಂಗಳಾತವಾ. ಬೆರಳ ಇಟ್ರ ನಂದು ಬರೂದಿಲ್ಲ. ಆಕೀದ ಬರತೈತಿ. ಎರಡ ಬಡದು ನಿಲ್ಲತೈತಿ. ಅದನ್ನ ಹೆಂಗ ಎಣಸಲಿ?"

ನಾನು ಅತ್ತುಬಿಟ್ಟೆ. ಅವಳು ಸುಮ್ಮನಿರು ಎನ್ನಲಿಲ್ಲ. ನನ್ನ ಅಳು ನಿಂತ ಮೇಲೆ, "ನಾಳಿಂದ ನೀನ ನೋಡು. ಎಷ್ಟಿದ್ರ ಅಷ್ಟ ಹೇಳು. ಛಲೋ ಐತಿ ಅಂತ ಹೇಳಬ್ಯಾಡ" ಎಂದು, ಕೈಯನ್ನು ನನ್ನ ಕಡೆ ಸರಿಸಿದಳು.

ಎಂಟು ದಿನ ಹನಿ ನಿಲ್ಲಿಸಿದೆವು. ಓಕರಿಕೆ ಹೋಯಿತು, ನಾಡಿ ಏರಿತು. ಅಮ್ಮ ಮುಂದೆ ಒಂದೂವರೆ ವರ್ಷ ಬದುಕಿದಳು. ಪ್ರತಿ ಮುಂಜಾನೆ ಎಣಿಸಿದ್ದನ್ನು ಎಣಿಸಿದ ಹಾಗೆಯೇ ಹೇಳಿದೆ. ಎಪ್ಪತ್ತಿದ್ದರೆ ಎಪ್ಪತ್ತು, ತೊಂಬತ್ತಿದ್ದರೆ ತೊಂಬತ್ತು. ಯುದ್ಧದಿಂದ ಆ ಔಷಧ ಬರುವುದು ತಪ್ಪಿ, ಕಾಲು ಮತ್ತೆ ಬಾತು, ನಾಡಿ ನೂರಿಪ್ಪತ್ತಕ್ಕೆ ಹೋದ ದಿನಗಳಲ್ಲಿಯೂ ಹೇಳಿದೆ. ಅವಳು "ಹೂಂ" ಎಂದು ಕೇಳಿಕೊಳ್ಳುತ್ತಿದ್ದಳು. ಕಡೆಯ ವಾರ ನನ್ನ ಬೆರಳಿಗೆ ಅದು ಸಿಗುವುದೇ ಕಷ್ಟವಾಯಿತು. ಅದನ್ನೂ ಹೇಳಿದೆ, "ಎಣಸಾಕ ಬರವಲ್ತ್ರಿ ಅಮ್ಮ" ಎಂದು.

"ಆತು ಬಿಡು" ಎಂದಳು.

ಅಷ್ಟು ದಿನ ಅಷ್ಟು ಹತ್ತಿರ ಕೂತು, ದಿನಕ್ಕೊಂದು ನಿಮಿಷ ಕೈ ಕೈ ಹಿಡಿದುಕೊಂಡಿದ್ದೆವು. ಆ ಮಧ್ಯಾಹ್ನದ ನಂತರ ಚಿಗವ್ವನ ಹೆಸರನ್ನು ಮಾತ್ರ ಅವಳು ನನ್ನ ಮುಂದೆ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.